ಬಿಲ್ಡಿಂಗಿನ ವಯಸ್ಸು

ಮಾನ್ಯ ವೀರೇಶ್ ಅವರಿಗೆ,

'ಪ್ರೀತಿಯ' ಎಂದು ಶುರುಮಾಡಲು ಕೈ ಏಳಲಿಲ್ಲ. ನಿನ್ನೆ ನಿಮ್ಮ ಮೆಸೇಜು ಬಂತು. ನಾನು ನಿಮಗೆ ಒಪ್ಪಿಗೆಯಂತೆ. ಅಮ್ಮ ಆಗಲೇ ದಾವಣಗೆರೆಯ ನೆಂಟರಿಗೆಲ್ಲ ಫೋನು ಹಚ್ಚಿ ಹೇಳಿಬಿಟ್ಟಳು. ಈ ಮದುವೆ ಆಗುವುದೂ ಬಿಡುವುದೂ ಈಗ ನನ್ನ ಒಂದು ಮಾತಿನ ಮೇಲೆ ನಿಂತಿದೆ. ಫೋನಿನಲ್ಲಿ ಹೇಳಹೊರಟರೆ ನೀವು ನಡುವೆ ಇನ್ನೊಂದು ಪ್ರಶ್ನೆ ಕೇಳುತ್ತೀರಿ. ಅದಕ್ಕೇ ಈ ಕಾಗದ.

ಭಾನುವಾರ ನೀವು ಮೈಲಾಪೂರಿನ ನಮ್ಮ ಫ್ಲ್ಯಾಟಿಗೆ ಬಂದದ್ದು ಹೆಣ್ಣು ನೋಡಲು ಅಂದುಕೊಂಡಿದ್ದೆವು. ಅಪ್ಪ ಬಾಗಿಲಲ್ಲೇ ನಿಮ್ಮ ಕೈ ಹಿಡಿದು, "ಬರ್ರಿ, ನಮ್ಮ ಮನೆ ಅಂದ್ರೆ ನಿಮ್ಮ ಮನೆ ಇದ್ದಂಗೆ" ಅಂದರು. ಆ ಮಾತನ್ನು ನೀವು ಇಷ್ಟು ಗಟ್ಟಿಯಾಗಿ ಹಿಡಿದುಕೊಳ್ಳುತ್ತೀರಿ ಎಂದು ಪಾಪ ಅವರಿಗೇನು ಗೊತ್ತು!

ಅಮ್ಮ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಂದಿಟ್ಟಳು. ನೀವು ಬಜ್ಜಿ ಕಚ್ಚುತ್ತಾ "ವಯಸ್ಸೆಷ್ಟು?" ಅಂದಿರಿ. ಅಮ್ಮ ನನ್ನ ಕಡೆ ನೋಡಿ, ತುಸು ಅಳುಕಿ, "ಇಪ್ಪತ್ತೊಂಬತ್ತು ಆತಪ್ಪ, ಆದ್ರೆ ನೋಡಾಕೆ ಹಂಗೆ ಕಾಣಂಗಿಲ್ಲ" ಅಂದಳು. "ಅಲ್ಲ ಆಂಟಿ, ಬಿಲ್ಡಿಂಗಿಗೆ" ಅಂದಿರಿ. ನಿಮ್ಮ ಕಣ್ಣು ಆಗ ಚಾವಣಿಯ ಮೇಲಿತ್ತು.

ಆಮೇಲೆ ನಿಮ್ಮನ್ನು ಹಿಡಿಯುವವರೇ ಇರಲಿಲ್ಲ. ಮನೆ ಕೊಂಡು ದುಡ್ಡು ಮಾಡುವುದು ಹೇಗೆ ಎಂದು ಅದೆಂಥದೋ ಆನ್‌ಲೈನ್ ಕ್ಲಾಸಿಗೆ ಸೇರಿದ್ದೀರಂತಲ್ಲ, ಅಲ್ಲಿ ಕಲಿತದ್ದನ್ನೆಲ್ಲ ನಮ್ಮ ಹಾಲಿನಲ್ಲೇ ಒಪ್ಪಿಸಿಬಿಟ್ಟಿರಿ. ಈ ಫ್ಲ್ಯಾಟಿನ ಪಾಲಿಗೆ ಬರುವ ನೆಲ ಎಷ್ಟು? ನೀರು ಕಾರ್ಪೊರೇಷನ್ನಿನದೋ ಲಾರಿಯದೋ? ಮುಂದೆ ರಸ್ತೆ ಅಗಲವಾದರೆ ರೇಟು ಏರುತ್ತಾ? ಇಂಥ ಮನೆಗೆ ಬಾಡಿಗೆ ಎಷ್ಟು ಬರುತ್ತೆ? ಈ ಕೊನೆಯದಕ್ಕೆ ಅಪ್ಪ ಒಂದು ಚೂರೂ ತಡವರಿಸದೆ ಉತ್ತರ ಹೇಳಿದರು. ನಿಮ್ಮ ಮುಖ ಅರಳಿತು. ನನ್ನನ್ನು ನೋಡಿದಾಗ ಅರಳದ ಮುಖ ಅದು.

ನಮ್ಮಿಬ್ಬರನ್ನೇ ಮಾತಾಡಲು ಬಾಲ್ಕನಿಗೆ ಕಳಿಸಿದರು. ನಿಜ ಹೇಳಿಬಿಡುತ್ತೇನೆ: ಅಲ್ಲಿಯವರೆಗೆ ಫೋನಿನಲ್ಲಿ ಆಡಿದ ಮಾತುಗಳಿಂದ ನೀವು ನನಗೆ ಇಷ್ಟವಾಗಿದ್ದಿರಿ. ಎಣ್ಣೂರಿನ ಕಡಲ ದಂಡೆಯಲ್ಲಿ ದೋಣಿ ನೋಡುತ್ತಾ ಕೂರುವುದೆಂದರೆ ಪ್ರಾಣ ಅಂದಿದ್ದಿರಿ. ಆ ಕಡೆ ಸೈಟು ನೋಡಲು ಹೋಗಿದ್ದಿರೇನೋ ಎಂದು ಈಗ ಅನುಮಾನ. ನಾನು ಏನೋ ಕೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ನೀವು ಗೋಡೆಯನ್ನು ಬೆರಳಿನಿಂದ ಕುಟ್ಟಿ, "ಮಳೆಗಾಲದಲ್ಲಿ ಇದು ಒದ್ದೆ ಆಗುತ್ತಾ?" ಅಂದಿರಿ. ನನಗೆ ಅವಮಾನವಾಯಿತು. ಅಳುವೂ ಬಂತು. ಅದನ್ನು ನುಂಗಿಕೊಂಡು, "ಇಲ್ಲ, ಆಗಲ್ಲ" ಅಂದೆ.

ಇಷ್ಟನ್ನು ಎಳಸುತನ ಎಂದು ಮರೆಯುತ್ತಿದ್ದೆನೇನೋ. ಆದರೆ ನಿನ್ನೆಯ ಮೆಸೇಜಿನಲ್ಲಿ ಒಪ್ಪಿಗೆಯ ಬೆನ್ನಿಗೇ ಇನ್ನೊಂದು ಸಾಲಿತ್ತು: "ಮದುವೆ ಆದ್ಮೇಲೆ ಅಂಕಲ್ ಆಂಟೀನ ಊರಾಚೆ ಮಾಧವರಂ ಕಡೆ ಒಂದು ಸಿಂಗಲ್ ಬೆಡ್‌ರೂಮಿಗೆ ಶಿಫ್ಟ್ ಮಾಡಿದ್ರೆ ಇದನ್ನ ಬಾಡಿಗೆಗೆ ಬಿಡಬಹುದು, ಏನಂತೀರಾ?" ಅಪ್ಪ ನಿಮಗೆ ಬಜ್ಜಿ ತಣ್ಣಗಾಯಿತೆಂದು ಎರಡನೇ ಸಲ ಬಿಸಿಯದು ತರಿಸಿದ್ದರು. ಅವರ ಮನೆಯ ಬಜ್ಜಿ ತಿಂದ ಬಾಯಿ ಒರೆಸಿಕೊಳ್ಳುವ ಮೊದಲೇ ಅವರನ್ನು ಎತ್ತಂಗಡಿ ಮಾಡುವ ಲೆಕ್ಕ ಹಾಕಿದಿರಲ್ಲ, ಥೂ!

ಏನಂತೀರಾ ಎಂದು ಕೇಳಿದ್ದೀರಿ. ಬೇಡ ಅನ್ನುತ್ತೇನೆ. ಅಮ್ಮನಿಗೂ ಹೇಳಿ ಆಯಿತು. ಕಣ್ಣೊರೆಸಿಕೊಂಡು, ಫೋನು ಹಚ್ಚಿದವರಿಗೆಲ್ಲ ಮತ್ತೆ ಹಚ್ಚುತ್ತಿದ್ದಾಳೆ.

ಅಂದಹಾಗೆ, ಅಷ್ಟೆಲ್ಲ ಕೇಳಿದ ನೀವು ಒಂದನ್ನು ಮಾತ್ರ ಬಿಟ್ಟುಬಿಟ್ಟಿರಿ. ಈ ಊರಿನಲ್ಲಿ ಆಟೋದವರೂ ಮೊದಲು ಕೇಳುವ ಪ್ರಶ್ನೆ ಅದು: ಮನೆ ಸ್ವಂತದ್ದಾ? ಬಾಡಿಗೆ ಎಷ್ಟೆಂದು ಅಪ್ಪನಿಗೆ ಅಷ್ಟು ಸರಿಯಾಗಿ ಗೊತ್ತಿದ್ದದ್ದು ಪ್ರತಿ ತಿಂಗಳೂ ಅದನ್ನು ಕೊಡುವವರು ಅವರೇ ಆದ್ದರಿಂದ. ನಾನು ಹುಟ್ಟುವ ಮೊದಲಿನಿಂದ ಇಲ್ಲಿದ್ದೇವೆ, ಹಾಗಾಗಿ ನಮ್ಮ ಮನೆ ಅನ್ನುತ್ತೇವೆ. ನಿಮಗೆ ಇಷ್ಟೊಂದು ಹಿಡಿಸಿದ್ದರೆ ಓನರ್ ನಂಬರು ಕೊಡುತ್ತೇನೆ. ಅವರಿಗೆ ಹೆಣ್ಣುಮಕ್ಕಳಿಲ್ಲ, ದುಡ್ಡು ಕೊಟ್ಟೇ ಕೊಳ್ಳಬೇಕಾಗುತ್ತದೆ.

ನಿಮಗೆ ಬೇಗ ಒಂದು ಒಳ್ಳೆಯ ಮನೆ ಕೂಡಿಬರಲಿ ಎಂದು ಹರಸುವ,

ನಮಿತಾ ಗುರುಬಸಪ್ಪ