ರಸ್ತೆ ಕಡೆಯ ಬಾಗಿಲು

ಮನೆಯಿಂದ,
ಹನ್ನೊಂದನೇ ತಾರೀಖು, ಬುಧವಾರ ಸಂಜೆ

ಪ್ರೀತಿಯ ಪುಟ್ಟೀ,

ಹೇಗಿದ್ದೀಯೆ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯೋ, ಇಲ್ಲ ಠಾಣೆಯಲ್ಲಿ ಚಹಾ ಕುಡಿದುಕೊಂಡೇ ದಿನ ತಳ್ಳುತ್ತಿದ್ದೀಯೋ? ರಾತ್ರಿ ಪಾಳಿ ಮುಗಿಯಿತೆ? ನಾವಿಬ್ಬರೂ ಗಟ್ಟಿಯಾಗಿದ್ದೇವೆ. ನಿಮ್ಮಪ್ಪನ ಮೊಣಕಾಲು ಹಿಡಿದುಕೊಂಡಿದೆ, ಬಾಯಿ ಮಾತ್ರ ಚೆನ್ನಾಗಿ ಓಡುತ್ತಿದೆ. ಫೋನು ಬಿಟ್ಟು ಅಮ್ಮ ಕಾಗದ ಬರೆಯಲು ಕೂತಳಲ್ಲ ಎಂದು ಗಾಬರಿಯಾಗಬೇಡ. ದೇಶದೇಶದ ನಾಯಕರು ಶೃಂಗಸಭೆಗೆ ಬಂದಿದ್ದಾರಲ್ಲ, ಅವರ ಸುರಕ್ಷತೆಗೆಂದು ನಮ್ಮ ಭಾಗದ ನೆಟ್‌ವರ್ಕ್ ತೆಗೆದುಬಿಟ್ಟಿದ್ದಾರೆ. ಹಾಲಿನ ವ್ಯಾನಿನವನಿಗೆ ಬ್ಯಾರಿಕೇಡ್ ದಾಟುವ ಪಾಸ್ ಇದೆ. ಅವನ ಕೈಗೆ ಕೊಟ್ಟರೆ ಆಚೆ ಎಲ್ಲಾದರೂ ಅಂಚೆ ಡಬ್ಬಿಗೆ ಹಾಕುತ್ತಾನೆ.

ನಮ್ಮ ರಸ್ತೆಯನ್ನು ಈಗ ನೋಡಿದರೆ ನಿನಗೆ ಗುರುತೇ ಸಿಗಲಿಕ್ಕಿಲ್ಲ. ವಿಮಾನ ನಿಲ್ದಾಣದಿಂದ ಸಭಾಭವನಕ್ಕೆ ಹೋಗುವ ಕಾರುಗಳು ನಮ್ಮ ಹೊಸ್ತಿಲ ಮುಂದೆಯೇ ಹಾದುಹೋಗಬೇಕು. ಅದಕ್ಕೇ ಮನೆಗಳ ಮುಂಭಾಗಕ್ಕೆಲ್ಲ ಕೆನೆಬಣ್ಣ ಬಳಿದಿದ್ದಾರೆ. ಪಕ್ಕದ ಗೋಡೆಗೆ ಮಾತ್ರ ಕಾರಿನಿಂದ ಎಷ್ಟು ಕಾಣುತ್ತದೋ ಅಷ್ಟೇ, ಅಲ್ಲಿಂದಾಚೆ ಹಳೆಯ ಪಾಚಿ ಹಾಗೇ ಇದೆ. ನನ್ನ ಹೊಲಿಗೆ ಅಂಗಡಿಯ ಬೋರ್ಡ್ ನೋಡಲು ಚೆನ್ನಾಗಿಲ್ಲವೆಂದು ಇಳಿಸಿಟ್ಟರು, ಪಾಪ ಅದು ಮಂಚದ ಕೆಳಗೆ ಮಲಗಿದೆ. ಕಿಟಕಿ ತೆಗೆಯಬಾರದು, ಮಾಳಿಗೆಯಲ್ಲಿ ಬಟ್ಟೆ ಒಣಹಾಕಬಾರದು, ರಸ್ತೆ ಕಡೆಯ ಬಾಗಿಲನ್ನಂತೂ ಶುಕ್ರವಾರ ಸಭೆ ಮುಗಿಯುವವರೆಗೆ ಮುಟ್ಟಲೇಬಾರದು. ಬಾಗಿಲಿಗೂ ಚೌಕಟ್ಟಿಗೂ ಸೇರಿಸಿ ಮುದ್ರೆ ಒತ್ತಿದ ಬಿಳಿ ಪಟ್ಟಿ ಅಂಟಿಸಿ ಹೋದರು. ನಮ್ಮ ಮನೆಗೆ ನಾವೇ ಹಿಂಬಾಗಿಲಿನಿಂದ ಕಳ್ಳರ ಹಾಗೆ ಹೋಗಿ ಬಂದು ಮಾಡುತ್ತಿದ್ದೇವೆ. ಕತ್ತಲೆ ಕೋಣೆಯಲ್ಲಿ ಮೆಷಿನ್ ಮುಂದೆ ಕೂತು ಕಪ್ಪು ಪ್ಯಾಂಟಿಗೆ ಕಪ್ಪು ದಾರ ಹಾಕುವ ಸುಖ ಆ ನಾಯಕರಿಗೂ ಒಂದು ದಿನ ಸಿಗಲಿ ಎಂದು ನನ್ನ ಹಾರೈಕೆ.

ಸೋಮವಾರ ನಮ್ಮ ಕಿಟಕಿಗೆ ಎದುರಾಗಿ ಒಬ್ಬ ಹುಡುಗಿಯನ್ನು ತಂದು ನಿಲ್ಲಿಸಿದರು. ನಿನ್ನದೇ ವಯಸ್ಸು, ನಿನ್ನದೇ ಸಮವಸ್ತ್ರ, ಕಾಲಿಗೆ ಒಂದು ಸೈಜು ದೊಡ್ಡ ಬೂಟು. ಕಾವಲಿನವರು ರಸ್ತೆಗೆ ಬೆನ್ನು ಹಾಕಿ ಮನೆಗಳ ಕಡೆ ಮುಖ ಮಾಡಿ ನಿಲ್ಲಬೇಕಂತೆ. ಸರಿಯೇ, ಅಪಾಯ ಇರುವುದು ನಮ್ಮಂಥ ಮುದುಕಿಯರಿಂದ ತಾನೆ. ಬೆಳಗಿನಿಂದ ಸಂಜೆವರೆಗೆ ಅವಳು ನನ್ನನ್ನು ನೋಡುವುದು, ನಾನು ಅವಳನ್ನು ನೋಡುವುದು. ಆ ದಿನ ಸಿಟ್ಟಿನಲ್ಲಿ ಅವಳ ಮುಖಕ್ಕೇ ಪರದೆ ಎಳೆದೆ. ಮಂಗಳವಾರ ಬಿಸಿಲು ನೋಡಿ ಮನಸ್ಸು ತಡೆಯಲಿಲ್ಲ, ಕಿಟಕಿಯನ್ನು ಒಂದು ಗೇಣು ಸರಿಸಿ ನೀರಿನ ಬಾಟಲಿ ಕೊಟ್ಟೆ. ತೆಗೆದುಕೊಂಡಳು. ಮಧ್ಯಾಹ್ನ ನೋಡುತ್ತೇನೆ, ಬಾಟಲಿ ಕಾಲ ಬಳಿ ತುಂಬಿದ್ದು ತುಂಬಿದ ಹಾಗೇ ಇದೆ. ನನ್ನ ನಾಲಿಗೆ ನಿನಗೆ ಗೊತ್ತಲ್ಲ. "ಯಾಕಮ್ಮಾ, ನಮ್ಮ ನೀರಲ್ಲಿ ಬಾಂಬ್ ಇದೆ ಅಂದ್ಕೊಂಡ್ಯಾ?" ಎಂದು ಕೇಳಿಯೇಬಿಟ್ಟೆ. ಅವಳು ತುಟಿ ಅಲ್ಲಾಡಿಸದೆ ಮೆಲ್ಲಗೆ ಹೇಳಿದಳು: "ಹಾಗಲ್ಲ ಆಂಟಿ. ಕುಡಿದ್ರೆ ಹೋಗ್ಬೇಕಾಗುತ್ತೆ. ಎಲ್ಲಿಗೆ ಹೋಗ್ಲಿ?"

ಕಾವಲಿನ ಹೆಣ್ಣುಮಕ್ಕಳಿಗೆಂದು ರಸ್ತೆ ಮೂಲೆಯಲ್ಲಿ ಮೊಬೈಲ್ ಶೌಚಾಲಯ ತಂದಿಟ್ಟಿದ್ದರಂತೆ. ಪರಿಶೀಲನೆಗೆ ಬಂದ ಮೇಲಿನವರು ಅದು ಅತಿಥಿಗಳ ಕಣ್ಣಿಗೆ ಬೀಳುತ್ತದೆ ಎಂದು ಎತ್ತಿಸಿ, ಆ ಜಾಗದಲ್ಲಿ ಹೂಕುಂಡ ಇಡಿಸಿದರಂತೆ. ಕುಂಡಗಳಿಗೆ ಬೆಳಿಗ್ಗೆ ಸಂಜೆ ಟ್ಯಾಂಕರ್ ನೀರು ಬರುತ್ತದೆ. ಈ ಹುಡುಗಿಯರು ಮಾತ್ರ ಮುಂಜಾನೆಯಿಂದ ಗಂಟಲು ಒಣಗಿಸಿಕೊಂಡು ನಿಂತಿರಬೇಕು. ಜಾಗ ಬಿಟ್ಟು ಕದಲಿದರೆ ಅಮಾನತು. ನಮ್ಮ ಬಚ್ಚಲು ಇರುವುದು ಅಂಗಡಿ ಕೋಣೆಯ ಹಿಂದೆ, ಅವಳು ನಿಂತಲ್ಲಿಂದ ಕೂಗಿದರೆ ಕೇಳುವಷ್ಟು ಹತ್ತಿರ. ಹಿಂಬಾಗಿಲಿಗೆ ಬರಬೇಕಾದರೆ ಇಡೀ ಬೀದಿ ಸುತ್ತಬೇಕು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಚಿಲಕ ತೆಗೆದು ಬಾಗಿಲನ್ನು ಒಳಕ್ಕೆ ಎಳೆದೆ. ಪಟ್ಟಿ ಪರ್ರೆಂದು ಹರಿಯಿತು. ಆ ಸದ್ದಿಗೆ ಎಷ್ಟು ಖುಷಿಯಾಯಿತೆಂದರೆ, ಇನ್ನೊಂದು ಪಟ್ಟಿ ಇದ್ದಿದ್ದರೆ ಅದನ್ನೂ ಹರಿಯುತ್ತಿದ್ದೆ. ಹುಡುಗಿ ಮೊದಲು ಹೆದರಿದಳು. ಪಕ್ಕದ ಮನೆ ಮುಂದೆ ಕಾವಲು ನಿಂತವಳು "ನೀ ಹೋಗೇ, ನಾ ನೋಡ್ಕೋತೀನಿ" ಎಂದ ಮೇಲೆ ಒಳಗೆ ಓಡಿಬಂದಳು. ಹೊರಗೆ ಹೋಗಿ ನಿಂತವಳೇ ಆ ಬಾಟಲಿಯನ್ನು ಒಂದೇ ಉಸಿರಿಗೆ ಕುಡಿದಳು.

ಅಲ್ಲಿಂದ ಮುಂದೆ ಸಾಲಿನ ಹುಡುಗಿಯರೆಲ್ಲ ಒಬ್ಬೊಬ್ಬರಾಗಿ ಬರತೊಡಗಿದರು. ನಿಮ್ಮಪ್ಪ "ನಿನಗೆ ತಲೆ ಕೆಟ್ಟಿದೆ, ಇಬ್ಬರನ್ನೂ ಒಳಗೆ ಹಾಕ್ತಾರೆ" ಎಂದು ಕೂಗಾಡಿ, ಕಾಲು ಗಂಟೆ ಮುಖ ಊದಿಸಿಕೊಂಡು ಕೂತು, ಆಮೇಲೆ ತಾವೇ ಎದ್ದು ಮಾಳಿಗೆಯ ಕಿಂಡಿಯ ಬಳಿ ಕುರ್ಚಿ ಹಾಕಿಕೊಂಡರು. ದೂರದಲ್ಲಿ ಸೈರನ್ ಕೇಳಿಸಿದರೆ ಮೇಲಿಂದ "ಹೋಲ್ಡಾನ್" ಎನ್ನುತ್ತಾರೆ, ಕಾರುಗಳು ದಾಟಿದ ಮೇಲೆ "ರೈಟ್" ಎನ್ನುತ್ತಾರೆ. ಜೀವಮಾನವೆಲ್ಲ ಬಸ್ಸು ಓಡಿಸಿದ ಮನುಷ್ಯ ಈಗ ಕಂಡಕ್ಟರ್ ಆಗಿದ್ದಾರೆ. ಇಷ್ಟು ಗೆಲುವಾಗಿ ಅವರನ್ನು ನಿವೃತ್ತಿಯಾದ ಮೇಲೆ ನಾನು ನೋಡಿಯೇ ಇಲ್ಲ. ಎದುರು ಮನೆಯ ಟೀಚರಮ್ಮ ನಿನ್ನೆ ಪರದೆ ಸಂದಿಯಿಂದ ನೋಡುತ್ತಿದ್ದರು. ಯಾರಿಗಾದರೂ ಹೇಳುತ್ತಾರೇನೋ ಎಂದುಕೊಂಡೆ. ಇವತ್ತು ಬೆಳಿಗ್ಗೆ ಅವರ ಮನೆಯ ಪಟ್ಟಿಯೂ ಹರಿದಿತ್ತು.

ಮಧ್ಯಾಹ್ನ ಒಬ್ಬ ಅಧಿಕಾರಿ ಬಂದ. ಹರಿದ ಪಟ್ಟಿ ನೋಡಿದ, ಒದ್ದೆ ಕಾಲ್ಗುರುತು ನೋಡಿದ. ಹರಿದದ್ದು ನಾನೇ ಎಂದೆ. ಒಳಗೆ ಬಂದವರು ಯಾರೆಂದು ಕೇಳಿದ. ಸಾಲಿನ ಹುಡುಗಿಯರು ಯಾರೂ ಬಾಯಿ ಬಿಟ್ಟಿರಲಿಲ್ಲ, ಅವನಿಗೆ ಸಾಕ್ಷಿಗೆ ನಾನೇ ಬೇಕಿತ್ತು. "ಅಂಗಡಿ ಅಂದ್ಮೇಲೆ ಜನ ಬರ್ತಾರೆ. ನಾನು ಅಳತೆ ಕೇಳ್ತೀನಿ, ಹೆಸರು ಕೇಳಲ್ಲ" ಎಂದೆ. ನಾಳೆ ಬೆಳಿಗ್ಗೆ ಮತ್ತೆ ಬರುತ್ತೇನೆ, ಅಷ್ಟರಲ್ಲಿ ಹೆಸರು ನೆನಪಾಗಲಿ ಎಂದು ಹೇಳಿ ಹೋದ. ಅವನ ಎಡಗಾಲಿನ ಪ್ಯಾಂಟಿನ ಅಂಚು ಬಿಟ್ಟುಕೊಂಡು ನೆಲ ಗುಡಿಸುತ್ತಿತ್ತು. ಬೇರೆ ದಿನವಾಗಿದ್ದರೆ ಕೂರಿಸಿ ನಾಲ್ಕು ಹೊಲಿಗೆ ಹಾಕಿಕೊಡುತ್ತಿದ್ದೆ. ಇವತ್ತು ಹಾಗೇ ಕಳಿಸಿದೆ. ಅವನು ಹೋದ ಅರ್ಧ ಗಂಟೆಗೆ ನಿಮ್ಮಪ್ಪ ಮೇಲಿಂದ "ರೈಟ್" ಎಂದರು, ನಾನು ಬಾಗಿಲು ತೆಗೆದೆ.

ನಿನ್ನ ರೂಮಿನ ಗೆಳತಿಗೆ ಕೇಳಿದೆನೆಂದು ಹೇಳು. ಅವಳ ಜಾಕೆಟ್ಟಿಗೆ ಹೊಸ ಜಿಪ್ ಹಾಕಿಟ್ಟಿದ್ದೇನೆ, ದಾರಿ ಬಿಟ್ಟ ಮೇಲೆ ಕಳಿಸುತ್ತೇನೆ. ನಿನ್ನ ಹೊಟ್ಟೆ ತುಂಬಿರಲಿ, ಬೆನ್ನು ನೆಟ್ಟಗಿರಲಿ. ಅಮ್ಮ ಮನಸಾರೆ ಹರಸುವುದು ಇಷ್ಟೇ.

ನಿನ್ನ
ಹಟಮಾರಿ ಅಮ್ಮ

ತಾ.ಕ.: ವ್ಯಾನಿನವನು ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬೇಗ ಬರೆಯುತ್ತೇನೆ. ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಆ ಅಧಿಕಾರಿ ಗೋಡೆಯ ಮೇಲೆ ಸಮವಸ್ತ್ರದಲ್ಲಿರುವ ನಿನ್ನ ಫೋಟೋ ನೋಡಿದ. ನಿಮ್ಮಪ್ಪ ಹೆಮ್ಮೆಯಲ್ಲಿ ನಿನ್ನ ಹೆಸರು, ನಿನ್ನ ಠಾಣೆ, ಈ ತಿಂಗಳು ನಿನಗೆ ಹೆಡ್ ಕಾನ್‌ಸ್ಟೇಬಲ್ ಬಡ್ತಿ ಆಗಲಿದೆ ಎನ್ನುವುದನ್ನೂ ಒದರಿಬಿಟ್ಟರು. ನಾಳೆ ನಾನು ಆ ಹುಡುಗಿಯರ ಹೆಸರು ಹೇಳದಿದ್ದರೆ, ಅವನು ನಿನ್ನ ಮೇಲಿನವರಿಗೆ ನಿನ್ನ ಮೇಲೆ ಬರೆಯುತ್ತಾನಂತೆ. ನಿನ್ನ ಬಡ್ತಿಯನ್ನು ಪಣಕ್ಕಿಡಲು ನನಗೇನು ಹಕ್ಕು ಎಂದು ಅಪ್ಪ ಕೇಳುತ್ತಿದ್ದಾರೆ. ಹಕ್ಕಿಲ್ಲ, ಗೊತ್ತು. ಆದರೂ ಹೇಳುವುದಿಲ್ಲ. ನನ್ನ ಪರವಾಗಿ ನೀನು ಯಾರ ಹತ್ತಿರವೂ ತಪ್ಪಾಯಿತು ಎನ್ನಬೇಡ. ಬೈಯಬೇಕು ಅನ್ನಿಸಿದರೆ ರಜೆ ಹಾಕಿ ಬಂದು ನನ್ನೆದುರೇ ಬೈ. ಆದರೆ ಅದಕ್ಕೆ ಮೊದಲು ಒಂದು ಮಾತಿಗೆ ಉತ್ತರ ಕೊಡು. ಹೋದ ವರ್ಷ ನಿಮ್ಮ ಊರಿಗೂ ಇಂಥ ದೊಡ್ಡವರು ಬಂದಿದ್ದಾಗ, ನೀನು ದಿನವಿಡೀ ರಸ್ತೆಯಲ್ಲಿ ನಿಂತು, ಎಲ್ಲ ಚೆನ್ನಾಗಿತ್ತಮ್ಮ ಎಂದು ಫೋನು ಮಾಡಿದ್ದೆ. ನಿಜ ಹೇಳು ಪುಟ್ಟೀ, ನಿನಗೆ ಯಾರು ಬಾಗಿಲು ತೆಗೆದರು?