ಮುಚ್ಚಳದೊಳಗಿನ ಗೀಟು

ಅಂಗಡಿಯಿಂದ,
ಹದಿನಾಲ್ಕನೇ ತಾರೀಕು, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಟಿಕ್ಕೀ,

ಹೇಗಿದ್ದೀಯ ಮಗಳೇ? ಹೋಗುವಾಗ ಇದ್ದ ಆ ಕೆಮ್ಮು ಕಡಿಮೆಯಾಯಿತಾ? ನಿನ್ನ ಜೊತೆ ಮನೆ ಮಾಡಿರೋ ನರ್ಸಮ್ಮ ಗದರಿಸಿಯಾದರೂ ಮಾತ್ರೆ ನುಂಗಿಸುತ್ತಿರುತ್ತಾಳೆ ಅಂದುಕೊಂಡಿದ್ದೇನೆ. ನನ್ನ ಫೋನು ನೀನು ಎತ್ತುವುದಿಲ್ಲ, ಯಾಕಾದರೂ ಎತ್ತಬೇಕು? "ನನಗೆ ಇಷ್ಟವಾಗೋದು ಹುಡುಗಿಯರೇ ಅಪ್ಪಾ" ಅಂತ ನೀನು ಬಾಯಿಬಿಟ್ಟು ಹೇಳಿದರೆ, "ಇದನ್ನ ರಿಪೇರಿ ಮಾಡಿಸೋಣ" ಅಂದವನು ನಾನು. ನನ್ನ ನಾಲಿಗೆ ಸೇದಿಹೋಗಲಿ.

ನಿಮ್ಮತ್ತೆ ದಿನಾ ಬಂದು ಇದೇ ಸ್ಟೂಲಿನ ಮೇಲೆ ಕೂತು ನನ್ನ ತಲೆ ತಿನ್ನುತ್ತಾಳೆ. ಎಲ್ಲಾ ನಾನು ಬೆಳೆಸಿದ್ದರಿಂದಲೇ ಆಗಿದ್ದಂತೆ. ತಾಯಿಯಿಲ್ಲದ ಹುಡುಗಿಯನ್ನು ವಾಚ್ ರಿಪೇರಿ ಅಂಗಡಿಯಲ್ಲಿ ಕೂರಿಸಿಕೊಂಡು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ, ಗಂಡುಹುಡುಗನ ಥರ ಕೂದಲು ಕತ್ತರಿಸಿದೆನಂತೆ. ನನಗೆ ಜಡೆ ಹಾಕಕ್ಕೆ ಬರುತ್ತಿರಲಿಲ್ಲ ಕಣೇ, ಅಷ್ಟೇ! ಅವಳ ಮಕ್ಕಳಿಬ್ಬರೂ ಎರಡೆರಡು ಜಡೆ ಹಾಕಿಕೊಂಡೇ ಬೆಳೆದರಲ್ಲ, ಈಗ ಗಂಡಂದಿರ ಜೊತೆ ಹಾವು ಮುಂಗುಸಿ ಆಗಿದ್ದಾರೆ. ಬೆಳೆಸಿದ್ದರಿಂದ ಬಂದಿದ್ದನ್ನು ಬಿಡಿಸಲೂಬಹುದು ಅನ್ನುತ್ತಾಳೆ. ಅದಕ್ಕೊಬ್ಬ ಡಾಕ್ಟರ್ ಇದ್ದಾನಂತೆ, ಮೂರು ತಿಂಗಳು ಬೀಗ ಹಾಕಿ ಇಟ್ಟುಕೊಳ್ಳುತ್ತಾನಂತೆ.

ನಿಜ ಹೇಳಲಾ? ಬೆಳೆಸಿದ್ದೇ ಕಾರಣ ಅಂತ ಮೊದಲು ನಾನೂ ನಂಬಿದ್ದೆ. ರಿಪೇರಿ ಮಾಡಿದ ವಾಚಿನ ಹಿಂದಿನ ಮುಚ್ಚಳದೊಳಗೆ ನಾವು ಸೂಜಿಯಲ್ಲಿ ಸಣ್ಣ ಗೀಟು ಹಾಕುತ್ತೀವಲ್ಲ, ಯಾರು ಯಾವಾಗ ಕೈ ಹಾಕಿದ್ದರು ಅಂತ ಮುಂದೆ ಬಿಚ್ಚುವವನಿಗೆ ಗೊತ್ತಾಗಲಿ ಅಂತ, ಹಾಗೆ ನಿನ್ನ ಇಪ್ಪತ್ತಾರು ವರ್ಷದೊಳಗೆ ನನ್ನ ಗೀಟು ಹುಡುಕಿದೆ. ಎಲ್ಲಿ ಕೈ ತಪ್ಪಿತು? ಕೂದಲಾ? ಅಂಗಡಿಯಾ? ನಾನು ಇನ್ನೊಂದು ಮದುವೆಯಾಗದೇ ಇದ್ದದ್ದಾ? ನೆನಪಾಗಿದ್ದು ಒಂದೇ. ಸ್ಕೂಲಿನ ಗೆಳತಿಯ ವಾಚು ಕೊಟ್ಟುಬಾ ಅಂದರೆ ನೀನು ಕನ್ನಡಿ ಮುಂದೆ ಮೂರು ಸಲ ತಲೆ ಬಾಚಿಕೊಂಡೆ. ಆವತ್ತು ನಾನು ನಕ್ಕಿದ್ದೆ. ಅದನ್ನು ನಿನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹುಟ್ಟುವಾಗಲೇ ಹಾಗಿದ್ದೆಯೋ, ನನ್ನ ಕೈಯಲ್ಲಿ ಬೆಳೆದು ಹಾಗಾದೆಯೋ, ಈಗಲೂ ನನಗೆ ಗೊತ್ತಿಲ್ಲ ಮಗಳೇ. ನನ್ನಿಂದಲೇ ಬಂದಿದ್ದರೂ ಬಂದಿರಲಿ ಬಿಡು, ಅದೇನು ರೋಗವಾ? ನೆಟ್ಟಗೆ ನಡೆಯುತ್ತಿದ್ದ ವಾಚನ್ನು ಬಿಚ್ಚಕ್ಕೆ ಕೂತ ಮುಠ್ಠಾಳ ನಾನು.

ನರ್ಸಮ್ಮನಿಗೂ ನನ್ನ ಆಶೀರ್ವಾದ ಹೇಳು. ಇಬ್ಬರೂ ಹೊತ್ತುಹೊತ್ತಿಗೆ ಊಟ ಮಾಡಿ, ತಣ್ಣಗಿರಿ.

ನಿನ್ನ,
ಅಪ್ಪ

ಮೇಲೆ ಬರೆಯಲು ಧೈರ್ಯ ಬರಲಿಲ್ಲ. ನೀನು ನನಗೊಬ್ಬನಿಗೇ ಅಂತ ಬರೆದಿಟ್ಟುಹೋದ ವಿಳಾಸವನ್ನು ಹೋದ ವಾರ ಅತ್ತೆಗೆ ಕೊಟ್ಟುಬಿಟ್ಟೆ. ಸುಮ್ಮನೆ ಬಂದು ಮಾತಾಡಿಸುತ್ತೀನಿ ಅಂದಿದ್ದಳು. ಈಗ ಕಾಲಿಗೆ ಬಿದ್ದರೂ ಕೇಳುತ್ತಿಲ್ಲ. ಭಾನುವಾರ ಬೆಳಿಗ್ಗೆ ಮಾವ ಆ ಡಾಕ್ಟರ್ ಕಡೆಯ ಇಬ್ಬರನ್ನು ಕರೆದುಕೊಂಡು ವ್ಯಾನಿನಲ್ಲಿ ಬರುತ್ತಾನೆ. ದಮ್ಮಯ್ಯ ಅಂತೀನಿ, ಅಷ್ಟರೊಳಗೆ ಮನೆ ಖಾಲಿ ಮಾಡಿ. ಹೊಸ ವಿಳಾಸ ನಮ್ಮ ಕಡೆ ಯಾರಿಗೂ ತಿಳಿಸಬೇಡ. ನನಗೂ ಬೇಡ.