ಉಲ್ಟಾ ತಿರುಗುವ ನಟ್ಟು

೧೫-೧೨-೨೦೦೩, ಸೋಮವಾರ.

ಜೀಪಿನ ಎಡಗಡೆಯ ಹಿಂದಿನ ಚಕ್ರದಲ್ಲಿ ನಟ್ಟು ಕೂರಿಸುವ ಎರಡು ಸ್ಟಡ್ ತುಂಡಾದವು. ತುಂಡು ಮಾಡಿದವನು ಅಸ್ಕರ್, ಮಗಳು ಶಮ್ನಾಳ ಗಂಡ. ಮದುವೆಯಾಗಿ ಇನ್ನೂ ಎರಡು ತಿಂಗಳು. ಬೆಳಿಗ್ಗೆ ಪಂಕ್ಚರ್ ಕಂಡು, ನನಗೆ ಹೇಳದೆ ತಾನೇ ಚಕ್ರ ಬಿಚ್ಚಲು ಹೋಗಿದ್ದ. ನನ್ನ ಈ ಹಳೆಯ ಜೀಪಿನಲ್ಲಿ ಎಡಗಡೆಯ ನಟ್ಟುಗಳು ಉಲ್ಟಾ ತಿರುಗುತ್ತವೆ. ದುಬೈಯಲ್ಲಿ ಹೊಸ ಕಾರು ಓಡಿಸುವವನಿಗೆ ಅದು ಹೇಗೆ ಗೊತ್ತಿರಬೇಕು? ಬಿಚ್ಚುತ್ತೇನೆಂದುಕೊಂಡು ಬಿಗಿ ಮಾಡುತ್ತಾ, ಕೊನೆಗೆ ಸ್ಪ್ಯಾನರಿನ ಮೇಲೆ ಹತ್ತಿ ನಿಂತಿದ್ದಾನೆ.

ಬೇರೆ ಯಾರಾದರೂ ಆಗಿದ್ದರೆ ಬೈದು ಹಗುರಾಗುತ್ತಿದ್ದೆ. ಹೊಸ ಅಳಿಯನಿಗೆ ಬೈಯುವ ಹಾಗಿಲ್ಲ. ನಮ್ಮಲ್ಲಿ ಅವನಿಂದ ಒಂದು ಚೊಂಬು ನೀರು ಕೂಡ ಎತ್ತಿಸುವ ಹಾಗಿಲ್ಲ. ಸಿಟ್ಟನ್ನು ಚಹಾದ ಜೊತೆ ನುಂಗಿದೆ. ಅವನು ಚಹಾ ಮುಟ್ಟಲೇ ಇಲ್ಲ.

ಗುರುವಾಯನಕೆರೆಯಿಂದ ಮೆಕ್ಯಾನಿಕ್ ಜತ್ತಪ್ಪ ಬಂದು ಬ್ರೇಕ್ ಡ್ರಮ್ ಬಿಚ್ಚಿದ. "ಇದನ್ನು ಹಿಡಿಲಿಕ್ಕೆ ಒಬ್ಬ ಜನ ಬೇಕಲ್ಲ ಮಾರಾಯ್ರೆ," ಎಂದ. ನಾನು ಏಳುವಷ್ಟರಲ್ಲಿ ಅಸ್ಕರ್ ಅಂಗಿಯ ತೋಳು ಮಡಚಿ ಅವನ ಪಕ್ಕ ಕುಳಿತಾಗಿತ್ತು. ತಡೆಯಬೇಕೆಂದಿದ್ದವನು ಮತ್ತೆ ಕುಳಿತುಬಿಟ್ಟೆ. ಜತ್ತಪ್ಪ ಮುರಿದ ಸ್ಟಡ್ಡುಗಳನ್ನು ಬಡಿದು ಹೊರಗೆ ತೆಗೆದ. ಹೊಸವನ್ನು ಅಸ್ಕರನ ಕೈಯಿಂದಲೇ ಕೂರಿಸಿದ. "ಎಡಗಡೆಗೆ ಉಲ್ಟಾ. ಇನ್ನು ಸಾಯುವವರೆಗೆ ನೀವು ಮರೆಯುವುದಿಲ್ಲ," ಎಂದು ನಕ್ಕ.

ಅಳಿಯನ ಕೈಗೆ ಗ್ರೀಸ್ ಮೆತ್ತಿಸಿದೆನೆಂದು ನನ್ನ ಹೆಂಡತಿ ಪಾತುಮ್ಮ ಇನ್ನೂ ಒಳಗೆ ಗೊಣಗುತ್ತಿದ್ದಾಳೆ. ಗೊಣಗಲಿ. ಎರಡು ತಿಂಗಳಿಂದ ನೆಂಟನ ಹಾಗೆ ಅರ್ಧ ಹೊಟ್ಟೆ ಉಂಡು ಏಳುತ್ತಿದ್ದವನು ಇವತ್ತು, ಉಗುರಿನ ಸಂದಿಯಲ್ಲಿ ಕಪ್ಪು ಇಟ್ಟುಕೊಂಡೇ ತಟ್ಟೆಯ ಅಕ್ಕಿರೊಟ್ಟಿ ಮುಗಿಸಿ, "ಇನ್ನೆರಡು ಪತ್ತಿರಿ ಉಂಟಾ ಮಾಮಿ?" ಎಂದು ಕೇಳಿದ.